ಸಂಖ್ಯೆಗೆ ನೆಲೆ ತೋರಿದ ಜಾನ್ ವಾಲಿಸ್

ಬುದ್ಧಿಗೆ ನಿಲುಕದುದನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಡುವುದು ಗುರುವಿನ ದೊಡ್ಡ ಕಾರ್ಯ. ಸೊನ್ನೆಗಿಂತಲೂ ಕಿರಿದಾದ ಸಂಖ್ಯೆಯೆಂದರೆ ವಿದ್ವಾಂಸರೇ ಸಂಶಯಪಡುತ್ತಿದ್ದ ಕಾಲದಲ್ಲಿ, ಒಂದು ಗೆರೆಯನ್ನೆಳೆದು ಅದರ ಮೇಲೆ ಅಂತಹ ಸಂಖ್ಯೆಗೂ ನೆಲೆಯುಂಟೆಂದು ತೋರಿದವನು ಇಂಗ್ಲೆಂಡಿನ ಗಣಿತಜ್ಞ ಜಾನ್ ವಾಲಿಸ್.

ವಾಲಿಸನು 1616ರ ನವೆಂಬರ್ 23ರಂದು ಕೆಂಟ್ ಪ್ರಾಂತದ ಆಶ್‌ಫರ್ಡಿನಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಆರನೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಯಿತು. ಬಾಲ್ಯದಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ವ್ಯಾಸಂಗ ಮಾಡಿದನು. ಗಣಿತವಾದರೋ ಅಂದು ವರ್ತಕರಿಗೆ ಬೇಕಾದ ಲೆಕ್ಕವೆನಿಸಿತ್ತೇ ಹೊರತು ಪಂಡಿತರ ವಿದ್ಯೆಯೆನಿಸಿರಲಿಲ್ಲ. 1631ರ ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಬಂದಾಗ, ಲೆಕ್ಕ ಕಲಿಯುತ್ತಿದ್ದ ತಮ್ಮನಿಂದಲೇ ಕೆಲವು ದಿನಗಳಲ್ಲಿ ಅಂಕಗಣಿತವನ್ನು ಕಲಿತನು. ಕಿರಿಯನಿಂದ ಕಲಿಯಲು ಅವನು ಸಂಕೋಚಪಡಲಿಲ್ಲ. ಹಿರಿದು ಕಿರಿದುಗಳನ್ನು ಸೂಚಿಸುವ >, < ಚಿಹ್ನೆಗಳು ಟಾಮಸ್ ಹ್ಯಾರಿಯಟ್ಟನ ಮರಣಾನಂತರ ಪ್ರಕಟವಾದ ಬೀಜಗಣಿತ ಗ್ರಂಥದಲ್ಲಿ ಅಚ್ಚಾದದ್ದೂ ಅದೇ 1631ರಲ್ಲಿ.

ಕೇಂಬ್ರಿಜ್‌ನಲ್ಲಿ ಓದಿ ಪಾದ್ರಿಯಾದ ವಾಲಿಸನು ಅಂತರ್ಯುದ್ಧದ ಕಾಲದಲ್ಲಿ ಗೂಢಲಿಪಿಯ ಪತ್ರಗಳನ್ನು ಬಿಡಿಸಿ ಹೆಸರಾದನು. 1649ರಲ್ಲಿ ಆಕ್ಸ್‌ಫರ್ಡಿನ ರೇಖಾಗಣಿತದ ಪೀಠವೇರಿ, ಬಾಳಿನ ಕೊನೆಯವರೆಗೂ, ಅಂದರೆ 54 ವರ್ಷ, ಅದನ್ನು ಅಲಂಕರಿಸಿದನು. ಅನಂತವನ್ನು ಸೂಚಿಸುವ ಚಿಹ್ನೆಯನ್ನು 1655ರಲ್ಲಿ ಬಳಕೆಗೆ ತಂದವನು ಅವನೇ.

ಇಂತಹ ಮೇಧಾವಿಯೂ ಋಣಸಂಖ್ಯೆಯ ವಿಷಯದಲ್ಲಿ ಎಡವಿದನು. ಒಂದನ್ನು ಹೆಚ್ಚು ಹೆಚ್ಚು ಕಿರಿದಾದ ಸಂಖ್ಯೆಯಿಂದ ಭಾಗಿಸಿದಂತೆಲ್ಲ ಲಬ್ಧವು ಹಿಗ್ಗುತ್ತದೆ. ಭಾಜಕವು ಸೊನ್ನೆಯಾದರೆ ಲಬ್ಧವು ಅನಂತ. ಆದುದರಿಂದ ಸೊನ್ನೆಗಿಂತ ಕಿರಿದಾದುದರಿಂದ ಭಾಗಿಸಿದರೆ ಅನಂತಕ್ಕಿಂತಲೂ ಹಿರಿದು ಬರಬೇಕು ಎಂದು 1656ರ ತನ್ನ ಗ್ರಂಥದಲ್ಲಿ ತರ್ಕಿಸಿದನು.

ಈ ತೊಡಕನ್ನು ಬಿಡಿಸುವ ಸಾಧನವನ್ನು ಒದಗಿಸಿದುದೂ ಅವನ ಲೇಖನಿಯೇ. 1685ರ ಬೀಜಗಣಿತ ಗ್ರಂಥದಲ್ಲಿ ಅವನು ನಡೆಯುವ ಮನುಷ್ಯನೊಬ್ಬನನ್ನು ಗೆರೆಯ ಮೇಲೆ ಕಲ್ಪಿಸಿದನು. ಆ ಮನುಷ್ಯನು 5 ಗಜ ಮುಂದೆ ಹೋಗಿ 2 ಗಜ ಹಿಂದೆ ಬಂದರೆ ಹೊರಟಲ್ಲಿಂದ 3 ಗಜ ಮುಂದಿರುವನು. 8 ಗಜ ಹಿಂದೆ ಬಂದರೆ ಹೊರಟ ಸ್ಥಳಕ್ಕಿಂತ 3 ಗಜ ಹಿಂದಿರುವನು. ಆ ಹಿಂದಿನ ನೆಲೆಯೇ -3. ಅದು ಸೊನ್ನೆಯ ಬಲಗಡೆಯ 3ರಷ್ಟೇ ನಿಜವಾದ ಸ್ಥಾನ. ಒಂದನ್ನು -1ರಿಂದ ಭಾಗಿಸಿದರೆ ಬರುವ -1 ಸಹ ಸೊನ್ನೆಯ ಎಡಗಡೆಯಲ್ಲಿಯೇ ಇದೆ. ಅದು ಅನಂತದ ಆಚೆಗಿಲ್ಲ.

ಇಂದು ಅಸಮತೆಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಈ ಗೆರೆಯೇ ಆಧಾರ. ಬಲಕ್ಕಿರುವುದು ಹಿರಿದು, ಎಡಕ್ಕಿರುವುದು ಕಿರಿದು. -3ಕ್ಕಿಂತ ಹಿರಿದಾದ ಸಂಖ್ಯೆಗಳನ್ನು ಗುರುತಿಸಬೇಕಾದರೆ -3ರ ಮೇಲೆ ಬರಿದಾದ ವೃತ್ತವನ್ನಿಟ್ಟು ಬಲಕ್ಕೆ ಬಾಣವನ್ನೆಳೆಯಬೇಕು. -3 ಸಹ ಸೇರುವುದಾದರೆ ವೃತ್ತವನ್ನು ತುಂಬಬೇಕು. -3 < 2 ಎಂಬುದರ ಎರಡು ಕಡೆಯನ್ನೂ -1ರಿಂದ ಗುಣಿಸಿದರೆ, ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಸರಿದು 3 > -2 ಆಗುತ್ತದೆ. ಚಿಹ್ನೆಯು ತಿರುಗುವ ನಿಯಮವನ್ನು ಬಾಯಿಪಾಠ ಮಾಡಿದವನು ಮರೆಯಬಹುದು; ಗೆರೆಯ ಮೇಲೆ ಕಂಡವನು ಮರೆಯಲಾರನು.

1703ರ ಅಕ್ಟೋಬರ್ 28ರಂದು ವಾಲಿಸನು ಆಕ್ಸ್‌ಫರ್ಡಿನಲ್ಲಿ ನಿಧನ ಹೊಂದಿದನು. ಮಹಾಮತಿಗಳನ್ನೂ ದಾರಿ ತಪ್ಪಿಸಿದ ವಿಷಯವನ್ನು ಇಂದು ಮಕ್ಕಳು ಕರಿಹಲಗೆಯ ಮೇಲೆ ಒಂದು ಗೆರೆಯೆಳೆದು ತಿಳಿಯುತ್ತಾರೆ. ವಿದ್ಯೆಯು ತಲೆಮಾರಿನಿಂದ ತಲೆಮಾರಿಗೆ ಸುಲಭವಾಗಿ ಹರಿದುಬರುವಂತೆ ಮಾಡಿದ ಇಂತಹವರ ಋಣವು ದೊಡ್ಡದು.