ಹೆಡ್‌ಲೈಟ್ ವೈರು ಬಿಸಿಯಾಗುವುದೇಕೆ? ಬೀಗ ಮಾಡುವವನ ಮಗ ಓಮ್ ಹಾಕಿಕೊಟ್ಟ ಲೆಕ್ಕ

ಕಾರಿನ ಹೆಡ್‌ಲೈಟ್ ಮಂದವಾಗಿದ್ದರೆ 100 ವ್ಯಾಟ್ ಬಲ್ಬು ಹಾಕಿಸಿ, ಫ್ಯೂಸ್ ಸುಟ್ಟುಹೋದರೆ ಅದಕ್ಕಿಂತ ದೊಡ್ಡದೊಂದನ್ನು ಚುಚ್ಚಿ, ಅಲ್ಲಿಗೆ ಸಮಸ್ಯೆ ಮುಗಿಯಿತು. ಇಂಥ ಸಲಹೆ ಕೊಡುವ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಮಳೆಗಾಲದ ರಾತ್ರಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗಾಡಿ ಇಳಿಸಿದವರಿಗೆ ಬೆಳಕು ಸಾಲದು ಎನ್ನುವ ಕಷ್ಟ ನಿಜವೇ. ಆದರೆ ಈ ಸಲಹೆ ಸರಿಯೋ ತಪ್ಪೋ ಎಂದು ನೋಡಲು ಬಲ್ಬು ಹಾಕಿ ಕಾಯಬೇಕಾಗಿಲ್ಲ, ಕಾಗದದ ಮೇಲೆ ಲೆಕ್ಕ ಹಾಕಿದರೆ ಸಾಕು. ಆ ಲೆಕ್ಕವನ್ನು ಕೊಟ್ಟವನು ಕಾರು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲೇ ತೀರಿಕೊಂಡ. ಹೈಸ್ಕೂಲಿನಲ್ಲಿ ಅವನ ಹೆಸರಿನ ನಿಯಮವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ, ಅವನ ಬದುಕನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ಅಪ್ಪ ಬೀಗ ಮಾಡುವ ಕಸುಬಿನವನು. ಅಮ್ಮ ದರ್ಜಿಯೊಬ್ಬನ ಮಗಳು. ಏಳು ಮಕ್ಕಳಲ್ಲಿ ಉಳಿದದ್ದು ಮೂರೇ. ಓಮ್‌ಗೆ ಹತ್ತು ವರ್ಷವಾದಾಗ ತಾಯಿಯೂ ಹೋದಳು. ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದಿದ್ದರೂ ಅಪ್ಪ ತಾನೇ ಪುಸ್ತಕ ಹಿಡಿದು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿತವನು. ಹಗಲು ಬೀಗದ ಕೆಲಸ, ಬಿಡುವಿನಲ್ಲಿ ಇಬ್ಬರು ಗಂಡುಮಕ್ಕಳಿಗೆ ಪಾಠ. ತಮ್ಮ ಮಾರ್ಟಿನ್ ಮುಂದೆ ಗಣಿತಜ್ಞನೆಂದೇ ಹೆಸರಾದ. ಅಣ್ಣನಿಗೆ ಗಣಿತದ ಜೊತೆಗೆ ಅರ ಹಿಡಿಯುವ ಕೈಯೂ ಬಂತು. ಪ್ರಯೋಗದ ಉಪಕರಣವನ್ನು ತಾನೇ ಕೂತು ಮಾಡಿಕೊಳ್ಳಬಲ್ಲ ವಿಜ್ಞಾನಿಗಳು ಆಗಲೂ ಕಡಿಮೆ, ಈಗಂತೂ ಕೇಳಲೇಬೇಡಿ.

1805ರಲ್ಲಿ ಹುಡುಗ ಎರ್ಲಾಂಗೆನ್ ವಿಶ್ವವಿದ್ಯಾಲಯಕ್ಕೆ ಸೇರಿದ. ಸೇರಿದ ಮೇಲೆ ಓದಿಗಿಂತ ನೃತ್ಯ, ಬಿಲಿಯರ್ಡ್ಸ್, ಮಂಜಿನ ಮೇಲೆ ಜಾರುವ ಆಟಗಳೇ ಹೆಚ್ಚಾದವು. ಕಷ್ಟಪಟ್ಟು ಓದಿಸುತ್ತಿದ್ದ ಅಪ್ಪ ಸಿಟ್ಟಾಗಿ ಮೂರೇ ಸೆಮಿಸ್ಟರಿಗೆ ಬಿಡಿಸಿ ಸ್ವಿಟ್ಜರ್‌ಲೆಂಡಿಗೆ ಅಟ್ಟಿದ. ಅಲ್ಲಿ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು ಕೆಲಸ. ಸಂಜೆ ಹೊತ್ತು ತಾನಾಗಿಯೇ ಓದಿ, 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪಡೆದ. ಆದರೂ ಸಂಬಳ ಸಾಲದ ಸಣ್ಣಪುಟ್ಟ ಮೇಷ್ಟ್ರು ಕೆಲಸಗಳಲ್ಲೇ ಕೆಲವು ವರ್ಷ ಕಳೆದವು. 1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು. ಸಂಬಳಕ್ಕಿಂತ ಅವನಿಗೆ ಮುಖ್ಯವಾಗಿದ್ದು ಅಲ್ಲಿದ್ದ ಒಳ್ಳೆಯ ಪ್ರಯೋಗಾಲಯ.

ಆಗ ಬ್ಯಾಟರಿ ಹುಟ್ಟಿ ಇಪ್ಪತ್ತು ವರ್ಷವಾಗಿತ್ತು. ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಹರಿಯುತ್ತದೆ, ತಂತಿ ಉದ್ದವಾದರೆ ಎಷ್ಟು ತಗ್ಗುತ್ತದೆ ಎಂಬುದಕ್ಕೆ ಒಪ್ಪುವಂಥ ಲೆಕ್ಕವಿರಲಿಲ್ಲ. ಓಮ್ ಬೇರೆ ಬೇರೆ ಉದ್ದದ ತಂತಿ ಜೋಡಿಸಿ ಅಳೆದು 1825ರಲ್ಲಿ ಒಂದು ಸೂತ್ರ ಪ್ರಕಟಿಸಿದ. ಅದು ತಪ್ಪಾಗಿತ್ತು. ಅಂದಿನ ಬ್ಯಾಟರಿಗಳು ಬಳಸುತ್ತ ಹೋದಂತೆ ನಿಮಿಷ ನಿಮಿಷಕ್ಕೂ ಸೊರಗುತ್ತಿದ್ದವು. ತಂತಿಯಿಂದಾದ ಇಳಿತ ಯಾವುದು, ಬ್ಯಾಟರಿಯಿಂದಾದ ಇಳಿತ ಯಾವುದು ಎಂದು ಬಿಡಿಸಲು ಆಗುತ್ತಿರಲಿಲ್ಲ.

ವಿಜ್ಞಾನ ಪತ್ರಿಕೆಯ ಸಂಪಾದಕ ಪೋಗೆನ್‌ಡಾರ್ಫ್ ಒಂದು ಉಪಾಯ ಸೂಚಿಸಿದ. ಬ್ಯಾಟರಿ ಬಿಟ್ಟು ಎರಡು ಲೋಹಗಳ ಬೆಸುಗೆಯನ್ನು ಬಳಸುವುದು. ಬಿಸ್ಮತ್ ಮತ್ತು ತಾಮ್ರವನ್ನು ಎರಡು ಕಡೆ ಕೂಡಿಸಿ ಒಂದು ಕೂಡುಜಾಗವನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರೆ ಸಣ್ಣದಾದರೂ ಸ್ಥಿರವಾದ ವಿದ್ಯುತ್ ಬರುತ್ತದೆ. ನೀರು ಕುದಿಯುವ ಬಿಸಿಯೂ ಮಂಜು ಕರಗುವ ತಂಪೂ ಬದಲಾಗುವುದಿಲ್ಲವಲ್ಲ! 1826ರ ಆರಂಭದಲ್ಲಿ ಓಮ್ ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ತೆಗೆದುಕೊಂಡ. ತೀರ ಚಿಕ್ಕದು 2 ಇಂಚು, ಉದ್ದದ್ದು 130 ಇಂಚು. ಒಂದೊಂದನ್ನೇ ಜೋಡಿಸಿ, ಮೇಲೆ ತೂಗುಬಿಟ್ಟ ಕಾಂತಸೂಜಿ ಎಷ್ಟು ತಿರುಗುತ್ತದೆ ಎಂದು ಅಳೆದ. ಈ ಬಾರಿ ಅಂಕಿಗಳು ಸಾಲಾಗಿ ಕೂತವು. ಹರಿವು ತಂತಿಯ ಉದ್ದ ಹೆಚ್ಚಿದಂತೆ ಇಳಿಯುತ್ತದೆ, ದಪ್ಪ ಹೆಚ್ಚಿದಂತೆ ಏರುತ್ತದೆ.

ಇಲ್ಲೊಂದು ಅಂಶವನ್ನು ಪಠ್ಯಪುಸ್ತಕಗಳು ಬಿಟ್ಟುಬಿಡುತ್ತವೆ, ನಮಗೆ ಅದೇ ಮುಖ್ಯ ಅನ್ನಿಸುತ್ತದೆ. ಓಮ್‌ನ ಸೂತ್ರದಲ್ಲಿ ಪರೀಕ್ಷೆಯ ತಂತಿಯ ಉದ್ದದ ಜೊತೆಗೆ ಇನ್ನೊಂದು ಅಂಕಿಯೂ ಕೂಡಿಕೊಂಡಿತ್ತು. ತಂತಿ ಬಿಟ್ಟು ಸರ್ಕಿಟ್ಟಿನ ಉಳಿದೆಲ್ಲ ಭಾಗಗಳು ಒಡ್ಡುವ ತಡೆ ಅದು. ಅಂದರೆ ವೈರು ಎಷ್ಟೇ ಚೆನ್ನಾಗಿರಲಿ, ಜೋಡಣೆಗಳೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಕಾರಿನ ತುಕ್ಕು ಹಿಡಿದ ಅರ್ಥ್ ಬೋಲ್ಟು, ಸಡಿಲವಾದ ಕಪ್ಲರ್, ಸವೆದ ಸ್ವಿಚ್ಚು ಎಲ್ಲವೂ ಆ ಎರಡನೇ ಅಂಕಿಯೊಳಗೇ ಇವೆ.

ಈಗ ಹೆಡ್‌ಲೈಟಿಗೆ ಬರೋಣ. ಸಾಮಾನ್ಯ ಎಚ್4 ಹ್ಯಾಲೊಜೆನ್ ಬಲ್ಬು 60/55 ವ್ಯಾಟಿನದು. ಹೈಬೀಮ್‌ನಲ್ಲಿ ಎರಡೂ ಸೇರಿ 120 ವ್ಯಾಟ್, 12 ವೋಲ್ಟಿಗೆ 10 ಆಂಪಿಯರ್. ಒಂದು ಚದರ ಮಿಲಿಮೀಟರ್ ತಾಮ್ರದ ವೈರು ಮೀಟರಿಗೆ ಸುಮಾರು 0.017 ಓಮ್ ತಡೆ ಒಡ್ಡುತ್ತದೆ. ರಿಲೇ ಇಲ್ಲದ ಹಳೆಯ ಕಾರಿನಲ್ಲಿ ಕರೆಂಟು ಬ್ಯಾಟರಿಯಿಂದ ಸ್ಟೀರಿಂಗ್ ಪಕ್ಕದ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಮತ್ತೆ ಮುಂದೆ ಬಂದು ಬಲ್ಬು ಸೇರಬೇಕು. ಐದು ಮೀಟರ್ ವೈರು, ಮೇಲೆ ಸ್ವಿಚ್ಚು, ಫ್ಯೂಸು, ಕಪ್ಲರು, ಅರ್ಥ್ ಎಲ್ಲ ಸೇರಿ 0.15 ಓಮ್ ಎಂದಿಟ್ಟುಕೊಳ್ಳಿ. 10 ಆಂಪಿಯರ್ ಹರಿದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಮಾಯ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬೇಗ ಕುಸಿಯುತ್ತದೆ. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಹಾಗಾಗಿ ಎಷ್ಟೋ ಕಾರುಗಳಲ್ಲಿ ಮಂದ ಬೆಳಕಿಗೆ ಬಲ್ಬು ಕಾರಣವಲ್ಲ, ವೈರು ಕಾರಣ.

ಅದೇ ವೈರಿಗೆ 100 ವ್ಯಾಟಿನ ಎರಡು ಬಲ್ಬು ಹಾಕಿದರೆ? ಕರೆಂಟು 16 ಆಂಪಿಯರ್ ದಾಟುತ್ತದೆ. ದಾರಿಯಲ್ಲಿ ಕಳೆದುಹೋಗುವುದು ಎರಡೂವರೆ ವೋಲ್ಟ್. ಕಳೆದದ್ದು ಎಲ್ಲಿ ಹೋಯಿತು? ಶಾಖವಾಯಿತು. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ ಎಂದು 1840ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜೂಲ್ ತೋರಿಸಿದ. ನಮ್ಮ ಲೆಕ್ಕದಲ್ಲಿ 15 ವ್ಯಾಟ್ ಇದ್ದ ಶಾಖ 40ರ ಆಸುಪಾಸಿಗೆ ಏರುತ್ತದೆ. ವೋಲ್ಟೇಜ್ ಇಳಿದಾಗ ಬಲ್ಬು ಎಳೆಯುವ ಕರೆಂಟೂ ತುಸು ಇಳಿಯುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ ಇರಬಹುದು. ಆದರೆ ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು ಎಂಬುದನ್ನು ನೆನಪಿಡಿ. ಈ ಶಾಖ ಇಡೀ ವೈರಿಗೆ ಸಮನಾಗಿ ಹಂಚಿಹೋಗುವುದೂ ಇಲ್ಲ, ಅತಿ ಹೆಚ್ಚು ತಡೆ ಇರುವ ಸಡಿಲ ಕಪ್ಲರಿನಲ್ಲಿ ಒಟ್ಟಾಗುತ್ತದೆ. ಕರಗಿದ ಬಲ್ಬ್ ಹೋಲ್ಡರ್ ಕಂಡವರಿಗೆ ಇದು ಅರ್ಥವಾಗುತ್ತದೆ. ಇಂಥ ಹೊತ್ತಿನಲ್ಲಿ 15 ಆಂಪಿಯರ್ ಫ್ಯೂಸ್ ತೆಗೆದು 30ರದ್ದು ಹಾಕುವುದೆಂದರೆ ವೈರನ್ನೇ ಫ್ಯೂಸ್ ಮಾಡಿದಂತೆ. ಫ್ಯೂಸ್ ಇರುವುದು ಬಲ್ಬನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ.

ಇಷ್ಟು ಉಪಯೋಗದ ಲೆಕ್ಕ ಕೊಟ್ಟವನಿಗೆ ಸಿಕ್ಕಿದ್ದೇನು? 1826ರಲ್ಲಿ ಓಮ್ ಅರ್ಧ ಸಂಬಳದ ರಜೆ ಹಾಕಿ ಬರ್ಲಿನ್‌ಗೆ, ತಮ್ಮನಿದ್ದ ಊರಿಗೆ ಹೋದ. 1827ರಲ್ಲಿ ಪುಸ್ತಕ ಬಂತು. ಇದರಿಂದ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗುತ್ತದೆಂದು ಅವನ ಆಸೆ. ಸಿಗಲಿಲ್ಲ. ಬರ್ಲಿನ್‌ನಲ್ಲಿ ಆಗ ಹೆಗೆಲ್‌ನ ತತ್ವಶಾಸ್ತ್ರದ ಪ್ರಭಾವ ಜೋರು. ಪ್ರಕೃತಿಯನ್ನು ಅಳತೆ, ಸೂತ್ರಗಳಲ್ಲಿ ಹಿಡಿಯಲು ಹೊರಡುವುದೇ ಆ ಪಂಥದ ಕೆಲವರಿಗೆ ಹಿಡಿಸುತ್ತಿರಲಿಲ್ಲ. ಪೋಲ್ ಎಂಬ ವಿಮರ್ಶಕ ಪುಸ್ತಕವನ್ನು ಚೆನ್ನಾಗಿ ಝಾಡಿಸಿದ. ನ್ಯಾಯವಾಗಿ ಹೇಳುವುದಾದರೆ ಪುಸ್ತಕವೂ ಓದಲು ಸಲೀಸಾಗಿರಲಿಲ್ಲ. ಶಾಖದ ಹರಿವಿಗೆ ಫ್ರಾನ್ಸಿನ ಫೂರಿಯೇ ಕಟ್ಟಿದ ಗಣಿತವನ್ನು ಮಾದರಿಯಾಗಿಟ್ಟುಕೊಂಡು ಬರೆದದ್ದು ಅದು, ಪ್ರಯೋಗದ ವಿವರಗಳು ಅದರಲ್ಲಿ ಹಿಂದೆ ಸರಿದಿದ್ದವು.

ಈ ನಿಯಮಕ್ಕಾಗಿ ಓಮ್‌ನನ್ನು ಕೆಲಸದಿಂದ ಕಿತ್ತುಹಾಕಿದರು ಎಂಬ ಕಥೆ ಪ್ರೇರಣೆಯ ಪೋಸ್ಟುಗಳಲ್ಲಿ ಓಡಾಡುತ್ತದೆ. ಅದು ನಿಜವಲ್ಲ. 1828ರಲ್ಲಿ ಅವನೇ ರಾಜೀನಾಮೆ ಕೊಟ್ಟ. ಕೊಟ್ಟ ಮೇಲಿನ ಕಷ್ಟವಂತೂ ನಿಜ. ಮೂವತ್ತೊಂಬತ್ತರ ವಯಸ್ಸಿನಲ್ಲಿ ಸೇನಾ ಶಾಲೆಯೊಂದರಲ್ಲಿ ವಾರಕ್ಕೆ ಕೆಲವೇ ಗಂಟೆಗಳ ಗಣಿತ ಪಾಠ, ಅಷ್ಟಕ್ಕೆ ತಕ್ಕ ಪುಡಿಗಾಸು. ಹೀಗೆ ಐದಾರು ವರ್ಷ. ಮದುವೆಯಾಗಲೇ ಇಲ್ಲ. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ಕಿನಲ್ಲಿ ಕೆಲಸ ಸಿಕ್ಕಿದಾಗ ಊಟದ ಚಿಂತೆಯೇನೋ ತೀರಿತು, ಬಯಸಿದ್ದ ವಿಶ್ವವಿದ್ಯಾಲಯದ ಪೀಠ ಇನ್ನೂ ದೂರವೇ ಇತ್ತು.

ಗುರುತಿಸಿದ್ದು ಹೊರಗಿನವರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕೊಪ್ಲಿ ಪದಕ ಕೊಟ್ಟಿತು, ಮರುವರ್ಷ ವಿದೇಶಿ ಸದಸ್ಯನನ್ನಾಗಿ ಮಾಡಿಕೊಂಡಿತು. ಅಷ್ಟರಲ್ಲಿ ಟೆಲಿಗ್ರಾಫ್ ಬಂದಿತ್ತು. ಮೈಲುಗಟ್ಟಲೆ ತಂತಿ ಎಳೆಯುವವರಿಗೆ ಆ ತುದಿಯಲ್ಲಿ ಎಷ್ಟು ಕರೆಂಟು ಉಳಿಯುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಉತ್ತರ ಓಮ್‌ನ ಪುಸ್ತಕದಲ್ಲಿತ್ತು.

ದೂರದ ತಂತಿಯಲ್ಲಿ ಸೊರಗಿ ಬಂದ ಕರೆಂಟಿನಿಂದ ಹೊಸದೊಂದು ಬ್ಯಾಟರಿಯ ಸರ್ಕಿಟ್ಟನ್ನು ಆನ್ ಮಾಡಿಸುವ ಸಾಧನವೂ ಟೆಲಿಗ್ರಾಫಿನವರ ಬಳಕೆಗೆ ಬಂತು. ಅದೇ ರಿಲೇ. ಹೆಡ್‌ಲೈಟಿಗೆ ಇಂದು ಹಾಕಬೇಕಾದದ್ದೂ ಅದನ್ನೇ. ರಿಲೇಯ ಕಾಯಿಲ್ ಸುಮಾರು 80 ಓಮ್, ಅಂದರೆ ಎಳೆಯುವುದು 0.15 ಆಂಪಿಯರ್ ಮಾತ್ರ. ಹಳೆಯ ವೈರು, ಸ್ವಿಚ್ಚುಗಳ ಮೇಲೆ ಬೀಳುವ ಹೊರೆ ಅಷ್ಟೇ. ಬಲ್ಬಿನ ಕರೆಂಟು ಬ್ಯಾಟರಿಯಿಂದ ಬೇರೆಯದೇ ದಪ್ಪ ವೈರಿನಲ್ಲಿ ನೇರವಾಗಿ ಬರುತ್ತದೆ. ರಿಲೇ ಮೇಲೆ ಕೆತ್ತಿರುವ 30, 87, 85, 86 ಎಂಬ ಅಂಕಿಗಳು ಜರ್ಮನ್ ಮಾನಕದವು. ಬ್ಯಾಟರಿಯ ಪಾಸಿಟಿವ್‌ನಿಂದ ಬಂದ ವೈರು 30ಕ್ಕೆ, 87ರಿಂದ ಬಲ್ಬಿಗೆ. 85, 86ರಲ್ಲಿ ಒಂದಕ್ಕೆ ಕಾರಿನ ಮೂಲ ಹೆಡ್‌ಲೈಟ್ ಕಪ್ಲರಿನ ವೈರು, ಇನ್ನೊಂದಕ್ಕೆ ಅರ್ಥ್. ಲೋ ಬೀಮ್‌ಗೊಂದು, ಹೈಬೀಮ್‌ಗೊಂದು ರಿಲೇ ಬೇಕು. 60/55 ಬಲ್ಬುಗಳಿಗೆ ಎರಡೂವರೆ ಚದರ ಮಿಲಿಮೀಟರ್ ವೈರು, ಒಂದೊಂದು ರಿಲೇಗೂ 15 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ರಿಲೇ ಪಕ್ಕದಲ್ಲಿಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲೇ ಇರುವುದಿಲ್ಲ. ಅರ್ಥ್ ವೈರೂ ಅಷ್ಟೇ ದಪ್ಪವಿರಬೇಕು, ಬಣ್ಣ ಕೆರೆದ ಲೋಹದ ಮೇಲೆ ಬಿಗಿಯಬೇಕು. ಹೆಣೆದು ಟೇಪು ಸುತ್ತುವುದು ಬೇಡ, ಟರ್ಮಿನಲ್ ಕ್ರಿಂಪ್ ಮಾಡಿಸಿ. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ. ಕಂಪ್ಯೂಟರ್ ಮೂಲಕ ಲೈಟು ನಿಯಂತ್ರಿಸುವ ಹೊಸ ಕಾರುಗಳಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಅವುಗಳಲ್ಲಿ ಕಂಪನಿಯೇ ರಿಲೇ ಅಥವಾ ಅದರ ಬದಲಿಗೆ ಎಲೆಕ್ಟ್ರಾನಿಕ್ ಸ್ವಿಚ್ ಇಟ್ಟಿರುತ್ತದೆ.

ಬಲ್ಬನ್ನು ಬಿಚ್ಚಿ ಮೀಟರಿನಲ್ಲಿ ನೋಡಿ ಶಾರ್ಟ್ ಆಗಿದೆ ಎಂದು ಎಸೆಯುವವರಿದ್ದಾರೆ, ಪಾಪ. ಉರಿಯುವಾಗ ಎರಡೂವರೆ ಓಮ್ ಆಸುಪಾಸು ಇರುವ ಫಿಲಮೆಂಟು ತಣ್ಣಗಿದ್ದಾಗ ಅದರ ಹತ್ತರಲ್ಲೊಂದು ಭಾಗದಷ್ಟೇ ತೋರಿಸುತ್ತದೆ. ತಂತಿ ಬಿಸಿಯಾದಂತೆ ತಡೆ ಏರುತ್ತದೆ.

ಎಲ್‌ಇಡಿ ಹಾಕಿದರೆ ಈ ತೊಂದರೆ ಇಲ್ಲವಲ್ಲ ಎನ್ನುತ್ತೀರಾ? ವೈರಿನ ಮಟ್ಟಿಗೆ ಹೌದು, ಕರೆಂಟು ಕಡಿಮೆ. ತೊಂದರೆ ಎದುರಿನವನಿಗೆ. ಹ್ಯಾಲೊಜೆನ್ ದೀಪದ ರಿಫ್ಲೆಕ್ಟರನ್ನು ಫಿಲಮೆಂಟು ಇರುವ ಜಾಗಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ಬೆಳಕಿನ ಮೂಲ ಸ್ವಲ್ಪ ಸರಿದರೂ ಕಿರಣ ರಸ್ತೆ ಬಿಟ್ಟು ಎದುರು ಬರುವ ಬೈಕಿನವನ ಕಣ್ಣಿಗೆ ಹೊಡೆಯುತ್ತದೆ.

ಓಮ್‌ಗೆ ಮ್ಯೂನಿಕ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪೀಠ ಕೊನೆಗೂ ದಕ್ಕಿದ್ದು 1852ರಲ್ಲಿ. ವಯಸ್ಸು ಅರವತ್ತಮೂರು. ಎರಡು ವರ್ಷ ಕಳೆಯುವುದರೊಳಗೆ, 1854ರ ಜುಲೈ 6ರಂದು, ಮ್ಯೂನಿಕ್‌ನಲ್ಲೇ ತೀರಿಕೊಂಡ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಇಟಲಿಯ ವೋಲ್ಟಾ, ಫ್ರಾನ್ಸಿನ ಆಂಪಿಯರ್ ಹೆಸರುಗಳ ಜೊತೆ ತಡೆಯ ಅಳತೆಗೆ ಈ ಜರ್ಮನ್ ಮೇಷ್ಟ್ರ ಹೆಸರಿಟ್ಟಿತು. ಫ್ರಾನ್ಸ್ ಮತ್ತು ಜರ್ಮನಿ ಯುದ್ಧ ಮಾಡಿ ಆಗಿನ್ನೂ ಹತ್ತು ವರ್ಷವಾಗಿತ್ತಷ್ಟೇ.

ನಿಮ್ಮ ಕಾರಿನ ವೈರಿಂಗ್ ಹೇಗಿದೆ ಎಂದು ನೋಡಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ. ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಬಲ್ಬಿನ ಹಿಂದಿನ ಪಾಸಿಟಿವ್ ಪಿನ್ನಿಗೆ. ಫ್ಯಾನು, ಬೆಲ್ಟುಗಳಿಂದ ಕೈ ದೂರವಿರಲಿ. ತೋರುವ ಅಂಕಿ ಅರ್ಧ ವೋಲ್ಟಿನೊಳಗಿದ್ದರೆ ಆ ಕಡೆ ಚಿಂತೆಯಿಲ್ಲ. ಒಂದು ದಾಟಿದ್ದರೆ ಹೊಸ ಬಲ್ಬಿಗೆ ದುಡ್ಡು ಹಾಕುವ ಮೊದಲು ವೈರನ್ನೂ ಜೋಡಣೆಗಳನ್ನೂ ನೋಡಿಸಿ. ಆಮೇಲೆ ಬಲ್ಬಿನ ಅರ್ಥ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೂ ಹೀಗೆಯೇ ಅಳೆಯಿರಿ, ಹಳೆಯ ಕಾರುಗಳಲ್ಲಿ ಕಳ್ಳ ಬಹಳ ಸಲ ಆ ಕಡೆಯೇ ಇರುತ್ತಾನೆ.