ಜಾನ್ ಎಫ್. ಕೆನೆಡಿ: ಬಚ್ಚಿಟ್ಟ ಕಾಯಿಲೆಯ ಜೊತೆ ಒಂದು ಬದುಕು

ಕೆನೆಡಿ ಅಂದ ತಕ್ಷಣ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೆನಪಾಗೋದು ಚಂದ್ರ. ಆ ದಶಕ ಮುಗಿಯೋದ್ರೊಳಗೆ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಬೇಕು ಅಂತ 1961ರ ಮೇ 25ರಂದು ಅಮೆರಿಕದ ಕಾಂಗ್ರೆಸ್ ಮುಂದೆ ಗುರಿ ಇಟ್ಟವರು ಅವರು. ಫೋಟೋಗಳಲ್ಲಿ ನೋಡಿದ್ರೆ ಕಂದು ಮೈಬಣ್ಣ, ದಟ್ಟ ಕೂದಲು, ಯಾವಾಗಲೂ ನಗುಮುಖ. ಆರೋಗ್ಯಕ್ಕೆ ಜಾಹೀರಾತಿನ ಥರ ಇದ್ದರು. ಆದರೆ ಆ ಭಾಷಣಕ್ಕೆ ಒಂಬತ್ತು ದಿನ ಮೊದಲು ಕೆನಡಾದ ಒಟ್ಟಾವದಲ್ಲಿ ಒಂದು ಗಿಡ ನೆಡುವಾಗ ಬೆನ್ನು ನೋಯಿಸಿಕೊಂಡಿದ್ದರು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ದಿನಾ ಕೆಲವು ಮಾತ್ರೆ ನುಂಗದಿದ್ದರೆ ಅವರು ಬದುಕಿರೋದೇ ಸಾಧ್ಯವಿರಲಿಲ್ಲ. ಅವರಿಗೆ ಅಡಿಸನ್ಸ್ ಕಾಯಿಲೆ ಇತ್ತು. ಅದನ್ನು ಅವರು ಸಾಯುವವರೆಗೂ ಒಪ್ಪಿಕೊಳ್ಳಲಿಲ್ಲ.

ಕೆನೆಡಿ ಹುಟ್ಟಿದ್ದು 1917ರ ಮೇ 29ರಂದು, ಮ್ಯಾಸಚೂಸೆಟ್ಸ್‌ನ ಬ್ರೂಕ್‌ಲೈನ್‌ನಲ್ಲಿ. ಒಂಬತ್ತು ಮಕ್ಕಳಲ್ಲಿ ಎರಡನೆಯವರು. ಅಪ್ಪ ಜೋಸೆಫ್ ಕೆನೆಡಿ ಭಾರಿ ಶ್ರೀಮಂತ, ಮಕ್ಕಳು ಎಲ್ಲದರಲ್ಲೂ ಗೆಲ್ಲಲೇಬೇಕು ಅನ್ನೋ ಮನುಷ್ಯ. ಆ ಮನೆಯಲ್ಲಿ ಕಾಯಿಲೆ ಬೀಳೋದು ಅಂದ್ರೆ ಒಂಥರಾ ಸೋಲು. ಆದರೆ ಈ ಹುಡುಗನಿಗೆ ಕಾಯಿಲೆ ಬಿಟ್ಟು ಬೇರೇನೂ ಇರಲಿಲ್ಲ ಅನ್ನಬಹುದು. ಎರಡು ವರ್ಷದವರಿದ್ದಾಗ ಸ್ಕಾರ್ಲೆಟ್ ಜ್ವರ ಬಂದು ಸಾವಿನ ಹತ್ತಿರ ಹೋಗಿ ಬಂದರು. ಹೈಸ್ಕೂಲಿನಲ್ಲಿ ಹೊಟ್ಟೆ ಮತ್ತು ಕರುಳಿನ ತೊಂದರೆ, ತೂಕ ಹೆಚ್ಚುತ್ತಲೇ ಇರಲಿಲ್ಲ. 1934ರಲ್ಲಿ ಮೇಯೋ ಕ್ಲಿನಿಕ್‌ನಲ್ಲಿ ವಾರಗಟ್ಟಲೆ ಪರೀಕ್ಷೆಗಳು ನಡೆದವು. ಪ್ರಿನ್ಸ್‌ಟನ್‌ಗೆ ಸೇರಿ ಆರೋಗ್ಯ ಕೆಟ್ಟು ಬಿಟ್ಟರು, ಆಮೇಲೆ ಹಾರ್ವರ್ಡ್ ಸೇರಿ 1940ರಲ್ಲಿ ಪದವಿ ಮುಗಿಸಿದರು.

ಯುದ್ಧ ಬಂತು. ಬೆನ್ನುನೋವಿನ ಕಾರಣಕ್ಕೆ ಸೇನೆ ಬೇಡ ಅಂತು. ಅಪ್ಪನ ಪ್ರಭಾವದಿಂದ ನೌಕಾಪಡೆ ಸೇರಿದರು. 1943ರ ಆಗಸ್ಟ್ 2ರ ರಾತ್ರಿ ಸಾಲೊಮನ್ ದ್ವೀಪಗಳ ಹತ್ತಿರ ಅವರ ಪಿಟಿ-109 ದೋಣಿಗೆ ಜಪಾನಿನ ಯುದ್ಧನೌಕೆ ಗುದ್ದಿ ಎರಡು ತುಂಡಾಯಿತು. ದೋಣಿಯಲ್ಲಿದ್ದ 13 ಜನರಲ್ಲಿ ಇಬ್ಬರು ಸತ್ತರು. ಸುಟ್ಟ ಗಾಯವಾಗಿದ್ದ ಒಬ್ಬ ಸಿಬ್ಬಂದಿಯ ಲೈಫ್ ಜಾಕೆಟ್ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆನೆಡಿ ಗಂಟೆಗಟ್ಟಲೆ ಈಜಿ ದ್ವೀಪ ಸೇರಿಸಿದರು. ಆ ಕಥೆ ಅವರನ್ನು ಹೀರೋ ಮಾಡಿತು. ಮುಂದೆ ಯಾವ ಕಾಯಿಲೆ ಬಂದರೂ ಯುದ್ಧದ ಮೇಲೆ ಹಾಕೋಕೆ ಒಂದು ದಾರಿಯನ್ನೂ ಕೊಟ್ಟಿತು.

1946ರಲ್ಲಿ ಕಾಂಗ್ರೆಸ್ ಚುನಾವಣೆಗೆ ನಿಂತಾಗ ಬಾಸ್ಟನ್‌ನ ಒಂದು ಮೆರವಣಿಗೆಯ ಕೊನೆಗೆ ಕುಸಿದು ಬಿದ್ದರು. ಆದರೂ ಗೆದ್ದರು. 1947ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿದ್ದಾಗ ಮತ್ತೆ ಕುಸಿದರು. ವಾಂತಿ, ಸುಸ್ತು, ತುಂಬಾ ಕಡಿಮೆ ಬಿಪಿ. ಅಲ್ಲಿ ಕೊನೆಗೂ ಕಾಯಿಲೆಗೆ ಹೆಸರು ಸಿಕ್ಕಿತು. ಇನ್ನು ಒಂದು ವರ್ಷ ಬದುಕೋದೂ ಕಷ್ಟ ಅಂತ ವೈದ್ಯರು ಅವರ ಸ್ನೇಹಿತೆಯೊಬ್ಬರಿಗೆ ಹೇಳಿದರಂತೆ. ಹಡಗಿನಲ್ಲಿ ಅಮೆರಿಕಕ್ಕೆ ವಾಪಸ್ ಬರುವಾಗ ಪಾದ್ರಿಯೊಬ್ಬರು ಸಾಯುವವರಿಗೆ ಮಾಡುವ ಅಂತಿಮ ವಿಧಿಯನ್ನೂ ಮಾಡಿದರು. ಕೆನೆಡಿಗೆ ಆಗ 30 ವರ್ಷ. ಪತ್ರಿಕೆಗಳಿಗೆ ಮಾತ್ರ ಯುದ್ಧದಲ್ಲಿ ಬಂದ ಮಲೇರಿಯಾ ಮರುಕಳಿಸಿದೆ ಅಂತ ತಿಳಿಸಲಾಯಿತು.

ಈ ಕಾಯಿಲೆ ಏನು ಅಂತ ನಮ್ಮ ಭಾಷೆಯಲ್ಲಿ ನೋಡೋಣ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಸುಲಭ. ಎರಡೂ ಕಿಡ್ನಿಗಳ ಮೇಲೆ ಟೋಪಿ ಥರ ಅಡ್ರಿನಲ್ ಗ್ರಂಥಿಗಳಿವೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಅನ್ನೋ ಸಿಗ್ನಲ್ ಕಳಿಸುತ್ತೆ, ಅಡ್ರಿನಲ್ ಕಾರ್ಟಿಸಾಲ್ ತಯಾರಿಸುತ್ತೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಾದರೆ ಸಿಗ್ನಲ್ ಕಡಿಮೆಯಾಗುತ್ತೆ. ಶುದ್ಧ ನೆಗೆಟಿವ್ ಫೀಡ್‌ಬ್ಯಾಕ್. ಜ್ವರ, ಗಾಯ, ಆಪರೇಷನ್ ಥರದ ಲೋಡ್ ಬಂದರೆ ಔಟ್‌ಪುಟ್ ತಾನಾಗೇ ಏರುತ್ತೆ. ಅದೇ ಗ್ರಂಥಿ ಆಲ್ಡೊಸ್ಟಿರೋನ್ ಅನ್ನೋ ಇನ್ನೊಂದು ಹಾರ್ಮೋನ್ ಕೂಡ ಮಾಡುತ್ತೆ. ದೇಹದಲ್ಲಿ ಉಪ್ಪು ಉಳಿಸಿಕೊಳ್ಳೋದು ಅದರ ಕೆಲಸ.

ಅಡಿಸನ್ಸ್‌ನಲ್ಲಿ ಈ ಗ್ರಂಥಿಯೇ ಹಾಳಾಗಿರುತ್ತೆ. ಪಿಟ್ಯುಟರಿ ಎಷ್ಟು ಕೂಗಿದರೂ ಔಟ್‌ಪುಟ್ ಇಲ್ಲ, ಎರರ್ ಕಡಿಮೆಯಾಗಲ್ಲ, ಸಿಗ್ನಲ್ ಏರುತ್ತಲೇ ಹೋಗುತ್ತೆ. ಆ ಎಸಿಟಿಎಚ್ ಹೆಚ್ಚಾದಾಗ ಚರ್ಮ ಕಪ್ಪಾಗುತ್ತೆ. ಕೆನೆಡಿಯ ಪ್ರಸಿದ್ಧ ಮೈಬಣ್ಣಕ್ಕೆ ಬಿಸಿಲಿನ ಜೊತೆ ಇದೂ ಕಾರಣ ಇದ್ದಿರಬಹುದು. ಇನ್ನು ಉಪ್ಪು, ನೀರು ಎರಡೂ ದೇಹದಿಂದ ಸೋರಿ ಹೋಗಿ ಬಿಪಿ ಇಳಿಯುತ್ತೆ. ರೋಗಿಗೆ ಉಪ್ಪು ತಿನ್ನಬೇಕು ಅನಿಸುತ್ತೆ, ತೂಕ ಇಳಿಯುತ್ತೆ, ಯಾವಾಗಲೂ ಆಯಾಸ. ಲಂಡನ್‌ನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲೇ ಇದನ್ನು ವಿವರಿಸಿದ್ದರು. ಆ ಕಾಲದಲ್ಲಿ ಮುಖ್ಯ ಕಾರಣ ಕ್ಷಯ. ಈಗ ಹೆಚ್ಚಿನ ದೇಶಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡೋದು ಕಾರಣ, ನಮ್ಮ ದೇಶದಲ್ಲಿ ಕ್ಷಯವೂ ಇನ್ನೂ ಲೆಕ್ಕಕ್ಕಿದೆ.

ಕೆನೆಡಿಯ ಅದೃಷ್ಟ ಅಂದ್ರೆ ಅವರು ಸರಿಯಾದ ಕಾಲದಲ್ಲಿ ಕಾಯಿಲೆ ಬಿದ್ದರು. ಉಪ್ಪು ಹಿಡಿದಿಡುವ ಡೋಕಾ ಅನ್ನೋ ಕೃತಕ ಹಾರ್ಮೋನ್ ಬಂದಿತ್ತು. ಅದರ ಸಣ್ಣ ಗುಳಿಗೆಗಳನ್ನು ಚರ್ಮದ ಕೆಳಗೆ ಹುದುಗಿಸುತ್ತಿದ್ದರು, ಕೆಲವು ತಿಂಗಳಿಗೊಮ್ಮೆ ಬದಲಾಯಿಸಬೇಕು. ಆಮೇಲೆ ಕಾರ್ಟಿಸೋನ್ ಬಂತು. ಆ ಸಂಶೋಧನೆಗೆ ಕೆಂಡಲ್, ಹೆಂಚ್, ರೈಖ್‌ಸ್ಟೈನ್ ಮೂವರಿಗೆ 1950ರಲ್ಲಿ ನೊಬೆಲ್ ಸಿಕ್ಕಿತು. ದಿನಾ ನುಂಗುವ ಆ ಮಾತ್ರೆ ಸಾಯೋ ಕಾಯಿಲೆಯನ್ನು ಬದುಕಬಹುದಾದ ಕಾಯಿಲೆ ಮಾಡಿತು.

ಆದರೆ ಮಾತ್ರೆ ನುಂಗಿದರೆ ಮುಗೀತು ಅಂತಲ್ಲ. ಆಟೋಮ್ಯಾಟಿಕ್ ಆಗಿದ್ದ ಲೂಪ್ ಈಗ ಮ್ಯಾನ್ಯುಅಲ್. ಲೋಡ್ ಎಷ್ಟಿದೆ ಅಂತ ರೋಗಿಯೇ ನೋಡಬೇಕು, ಡೋಸ್ ಏರಿಸಬೇಕು. ಕಡಿಮೆಯಾದರೆ ಕುಸಿತ, ಜಾಸ್ತಿಯಾದರೆ ಮುಖ ಊದುತ್ತೆ, ಮೂಳೆ ಸವೆಯುತ್ತೆ. 1951ರಲ್ಲಿ ಕೆನೆಡಿ ತಮ್ಮ ರಾಬರ್ಟ್ ಮತ್ತು ತಂಗಿ ಪೆಟ್ರೀಷಿಯಾ ಜೊತೆ ಏಷ್ಯಾ ಪ್ರವಾಸಕ್ಕೆ ಬಂದರು, ದೆಹಲಿಯಲ್ಲಿ ನೆಹರೂ ಅವರನ್ನೂ ಭೇಟಿಯಾದರು. ಅದೇ ಪ್ರವಾಸದಲ್ಲಿ ಜ್ವರ 106 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಒಕಿನಾವಾದ ಸೇನಾ ಆಸ್ಪತ್ರೆಯಲ್ಲಿ ಬದುಕುವುದೇ ಅನುಮಾನ ಅನ್ನುವಂತಾಯಿತು.

1952ರಲ್ಲಿ ಸೆನೆಟರ್ ಆದರು, 1953ರಲ್ಲಿ ಜಾಕ್ವೆಲಿನ್ ಅವರನ್ನು ಮದುವೆಯಾದರು. ಬೆನ್ನುನೋವು ಮಾತ್ರ ಊರುಗೋಲು ಹಿಡಿಯುವಷ್ಟಾಯಿತು. ಅಡಿಸನ್ಸ್ ಇರುವವರಿಗೆ ಆಪರೇಷನ್ ಅಂದ್ರೆ ಆ ಕಾಲದಲ್ಲಿ ಭಾರಿ ಅಪಾಯ, ಬೇಡ ಅಂದ ವೈದ್ಯರೂ ಇದ್ದರು. ಆದರೂ 1954ರ ಅಕ್ಟೋಬರ್ 21ರಂದು ನ್ಯೂಯಾರ್ಕ್‌ನಲ್ಲಿ ಮಾಡಿಸಿಕೊಂಡರು. ಸೋಂಕು ತಗುಲಿ ಕೋಮಾಕ್ಕೆ ಹೋದರು. ಮತ್ತೆ ಅಂತಿಮ ವಿಧಿ, ಮತ್ತೆ ಬದುಕಿ ಬಂದರು. ತಿಂಗಳುಗಟ್ಟಲೆ ಮಲಗಿದ್ದಾಗ ಕೆಲಸ ಮಾಡಿದ ಪ್ರೊಫೈಲ್ಸ್ ಇನ್ ಕರೇಜ್ ಪುಸ್ತಕಕ್ಕೆ 1957ರಲ್ಲಿ ಪುಲಿಟ್ಜರ್ ಬಂತು. ಅದನ್ನು ಬರೆಯೋದರಲ್ಲಿ ಸಹಾಯಕ ಸೊರೆನ್ಸನ್ ಪಾಲೂ ದೊಡ್ಡದಿತ್ತು. ಮಜಾ ಏನಂದ್ರೆ, 1955ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಡಿಸನ್ಸ್ ಇದ್ದ 37 ವರ್ಷದ ಗಂಡಸಿನ ಆಪರೇಷನ್ ಬಗ್ಗೆ ವರದಿ ಬಂತು, ಹೆಸರಿಲ್ಲದೆ. ಅದು ಕೆನೆಡಿಯೇ ಅಂತ ಜಗತ್ತಿಗೆ ಗೊತ್ತಾಗೋ ಹೊತ್ತಿಗೆ ಅವರು ಸತ್ತು ವರ್ಷಗಳಾಗಿದ್ದವು.

1960ರ ಜುಲೈನಲ್ಲಿ ವಿಷಯ ಬಯಲಾಗುವುದರಲ್ಲಿತ್ತು. ಪಕ್ಷದೊಳಗಿನ ಎದುರಾಳಿ ಲಿಂಡನ್ ಜಾನ್ಸನ್ ಕಡೆಯವರು ಕೆನೆಡಿಗೆ ಅಡಿಸನ್ಸ್ ಇದೆ ಅಂತ ಬಹಿರಂಗವಾಗಿ ಹೇಳಿಬಿಟ್ಟರು. ಕೆನೆಡಿ ತಂಡ ಜಾಣತನದಿಂದ ಉತ್ತರಿಸಿತು. ಮೂಲತಃ ಅಡಿಸನ್ಸ್ ಅಂತ ವರ್ಣಿಸಿದ ಕಾಯಿಲೆ, ಅಂದ್ರೆ ಕ್ಷಯದಿಂದ ಬರುವಂಥದ್ದು, ಇವರಿಗಿಲ್ಲ ಅನ್ನೋ ಅರ್ಥದ ಹೇಳಿಕೆ ಅದು. ವ್ಯಾಖ್ಯಾನದ ಸಣ್ಣ ಸಂದಿಯಲ್ಲಿ ಸತ್ಯ ತೂರಿಕೊಂಡು ಹೋಯಿತು. ನವೆಂಬರ್‌ನಲ್ಲಿ ನಿಕ್ಸನ್ ವಿರುದ್ಧ ಬಹಳ ಕಡಿಮೆ ಅಂತರದಲ್ಲಿ ಗೆದ್ದರು. ವಿಷಯ ಗೊತ್ತಿದ್ದರೆ ಜನ ಮತ ಹಾಕುತ್ತಿದ್ದರಾ? ಖಂಡಿತ ಹೇಳೋಕಾಗಲ್ಲ. ಆದರೆ ಅದನ್ನು ನಿರ್ಧರಿಸೋ ಹಕ್ಕು ಜನರಿಗೆ ಇತ್ತು ಅನ್ನೋದು ನನ್ನ ಅಭಿಪ್ರಾಯ.

ಅಧ್ಯಕ್ಷರಾದ ಮೇಲೆ ಸ್ಟಿರಾಯ್ಡ್‌ಗಳು, ಉಪ್ಪಿನ ಮಾತ್ರೆ, ಹೊಟ್ಟೆಗೆ ಒಂದು, ಥೈರಾಯ್ಡ್‌ಗೆ ಒಂದು, ಬೆನ್ನಿಗೆ ಇಂಜೆಕ್ಷನ್ ಹೀಗೆ ದಿನಚರಿ. ಬೇರೊಬ್ಬ ವೈದ್ಯ ಕೊಡುತ್ತಿದ್ದ ಆಂಫೆಟಮಿನ್ ಇಂಜೆಕ್ಷನ್‌ಗಳನ್ನೂ ತಗೊಂಡರು. ಅದನ್ನು ಯಾರೂ ಸಮರ್ಥಿಸೋಕಾಗಲ್ಲ. ಇದೇ ಮನುಷ್ಯ 1962ರ ಅಕ್ಟೋಬರ್‌ನಲ್ಲಿ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ 13 ದಿನ, ಸೇನಾಧಿಕಾರಿಗಳು ದಾಳಿ ಮಾಡಿ ಅಂತ ಒತ್ತಾಯಿಸುತ್ತಿದ್ದರೂ ತಾಳ್ಮೆಯಿಂದ ಕೂತು ಅಣುಯುದ್ಧ ತಪ್ಪಿಸಿದರು. ವೈದ್ಯಕೀಯ ದಾಖಲೆಗಳನ್ನು ನೋಡಿದ ಇತಿಹಾಸಕಾರ ರಾಬರ್ಟ್ ಡಾಲೆಕ್, ಔಷಧಿಗಳಿಂದ ಅವರ ನಿರ್ಧಾರಗಳು ಕೆಟ್ಟಂತೆ ಕಾಣೋದಿಲ್ಲ ಅನ್ನೋ ತೀರ್ಮಾನಕ್ಕೆ ಬಂದರು.

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಗುಂಡೇಟಿಗೆ ಬಲಿಯಾದಾಗ ಅವರಿಗೆ 46 ವರ್ಷ. ಆಗಲೂ ಬೆನ್ನಿಗೆ ಬಿಗಿಯಾದ ಪಟ್ಟಿ ಕಟ್ಟಿಕೊಂಡಿದ್ದರು. ಶವಪರೀಕ್ಷೆಯಲ್ಲಿ ಅಡ್ರಿನಲ್ ಗ್ರಂಥಿಗಳು ಕಣ್ಣಿಗೆ ಕಾಣುವಷ್ಟೂ ಉಳಿದಿರಲಿಲ್ಲ ಅನ್ನೋದು ಹೊರಬಂದದ್ದು 1992ರಲ್ಲಿ.

ಕೆನೆಡಿ ಬಚ್ಚಿಟ್ಟೂ ಬದುಕಿದರು, ಯಾಕಂದ್ರೆ ಅವರು ಎಲ್ಲಿ ಕುಸಿದರೂ ಸುತ್ತಲಿನವರಿಗೆ ವಿಷಯ ಗೊತ್ತಿತ್ತು, ವೈದ್ಯರು ಪಕ್ಕದಲ್ಲೇ ಇದ್ದರು. ನಮ್ಮಂಥ ಸಾಮಾನ್ಯರಿಗೆ ಆ ಸೌಕರ್ಯ ಇಲ್ಲ. ಇವತ್ತು ಅಡಿಸನ್ಸ್ ಇರುವವರು ಹೈಡ್ರೊಕಾರ್ಟಿಸೋನ್, ಫ್ಲೂಡ್ರೊಕಾರ್ಟಿಸೋನ್ ತಗೊಂಡು ಓದಬಹುದು, ಆಡಬಹುದು, ಕೆಲಸ ಮಾಡಬಹುದು. ಆದರೆ ಜ್ವರ ಬಂದರೆ ವೈದ್ಯರು ಹೇಳಿದಂತೆ ಡೋಸ್ ಏರಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಕ್ಷಣ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಕು, ಆಸ್ಪತ್ರೆಗೆ ಓಡಬೇಕು. ಆ ಹೊತ್ತಲ್ಲಿ ಪ್ರಜ್ಞೆ ತಪ್ಪಿದರೆ ಮಾತಾಡಬೇಕಾದವರು ರೂಮ್‌ಮೇಟ್. ಅವನಿಗೆ ಗೊತ್ತೇ ಇಲ್ಲದಿದ್ದರೆ, ಮೆಸ್ ಊಟ ಸರಿ ಹೋಗಿಲ್ಲ ಮಲಗಲಿ ಬಿಡು ಅಂದುಕೊಳ್ಳುತ್ತಾನೆ.

ಹಾಸ್ಟೆಲ್‌ಗಳಲ್ಲಿ ಇನ್ಸುಲಿನ್, ಇನ್‌ಹೇಲರ್, ಫಿಟ್ಸ್ ಮಾತ್ರೆ ಇವನ್ನೆಲ್ಲ ಬಟ್ಟೆ ಕೆಳಗೆ ಬಚ್ಚಿಡುವವರು ಇದ್ದಾರೆ. ಎಲ್ಲರಿಗೂ ಸಾರಿ ಹೇಳಬೇಕಿಲ್ಲ. ಪರ್ಸ್‌ನಲ್ಲಿ ಒಂದು ಕಾರ್ಡ್, ಪಕ್ಕದ ಮಂಚದವನಿಗೆ ಎರಡು ಮಾತು, ಇಷ್ಟು ಸಾಕು. ಹೇಳಿದಾಗ ನಗದೇ ಕೇಳಿಸಿಕೊಳ್ಳೋದು ಉಳಿದ ನಮ್ಮೆಲ್ಲರ ಕೆಲಸ.