ಡಾಕ್ಟರ್ ಲೋಗನ್ನರೂ ಅವರ ಹೆಸರಿನ ಕಾಯಿದೆಯೂ

ಸರಕಾರವು ಪರರಾಷ್ಟ್ರದೊಡನೆ ಸಂಧಾನ ನಡೆಸುತ್ತಿರುವಾಗ ಶಾಸನಸಭೆಯ ಸದಸ್ಯರು ನಡುವೆ ಕೈಹಾಕಬಹುದೇ? ಹಾಕಿದರೆ ಅದು ಅಪರಾಧವೇ? 2015ರಲ್ಲಿ ಅಮೆರಿಕದ ಸೆನೆಟ್ ಸಭೆಯ 47 ಮಂದಿ ಸದಸ್ಯರು ತಮ್ಮ ಅಧ್ಯಕ್ಷನನ್ನು ಬದಿಗಿರಿಸಿ ಇರಾನಿನ ಮುಖಂಡರಿಗೆ ಬಹಿರಂಗ ಪತ್ರವನ್ನು ಬರೆದಾಗ ಈ ಪ್ರಶ್ನೆಯು ಬಲವಾಗಿ ಎದ್ದಿತು. ಆಗ ಎಲ್ಲರ ಬಾಯಲ್ಲಿಯೂ ಹೊರಳಿದುದು ಎರಡು ಶತಮಾನಗಳ ಹಿಂದಿನ ಒಬ್ಬ ವೈದ್ಯರ ಹೆಸರು. ಅವರ ಹೆಸರಿನ ಕಾಯಿದೆಯನ್ನು ಬಲ್ಲವರು ಅನೇಕರು. ಅವರ ಚರಿತ್ರವನ್ನು ಬಲ್ಲವರು ವಿರಳ. ಆದಕಾರಣ ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಜಾರ್ಜ್ ಲೋಗನ್ನರು 1753ರಲ್ಲಿ ಫಿಲಡೆಲ್ಫಿಯಾ ನಗರದ ಸಮೀಪದ ಸ್ಟೆಂಟನ್ ಎಂಬ ಮನೆತನದ ಎಸ್ಟೇಟಿನಲ್ಲಿ ಜನಿಸಿದರು. ಪಿತಾಮಹರಾದ ಜೇಮ್ಸ್ ಲೋಗನ್ನರು ಪೆನ್ಸಿಲ್ವೇನಿಯಾ ಸಂಸ್ಥಾಪಕ ವಿಲಿಯಂ ಪೆನ್ನನ ಕಾರ್ಯದರ್ಶಿಗಳಾಗಿದ್ದವರು. ಮನೆಯವರು ಯುದ್ಧವನ್ನು ಪಾಪವೆಂದೆಣಿಸುವ ಕ್ವೇಕರ್ ಪಂಥದವರು. ಲೋಗನ್ನರು ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1779ರಲ್ಲಿ ಪದವಿಯನ್ನು ಪಡೆದರು. ಆದರೆ ಸ್ವದೇಶಕ್ಕೆ ಮರಳಿದ ಮೇಲೆ ಅವರ ಮನಸ್ಸು ಒಲಿದುದು ಬೇಸಾಯದ ಕಡೆಗೆ. 1781ರಲ್ಲಿ ಡೆಬೊರಾ ನಾರಿಸ್ ಎಂಬ ವಿದ್ಯಾವತಿಯನ್ನು ವಿವಾಹವಾದರು. ಪೆನ್ಸಿಲ್ವೇನಿಯಾದ ಶಾಸನಸಭೆಯಲ್ಲಿ ಕೆಲವು ವರ್ಷ ಸದಸ್ಯರಾಗಿದ್ದರು. ಥಾಮಸ್ ಜೆಫರ್‌ಸನ್ನರು ಅವರ ಆಪ್ತಮಿತ್ರರು.

1798ರ ಸ್ಥಿತಿ ಭಯಂಕರವಾಗಿದ್ದಿತು. ಫ್ರಾನ್ಸಿನವರು ಅಮೆರಿಕದ ನೂರಾರು ಹಡಗುಗಳನ್ನು ಹಿಡಿದಿದ್ದರು. ಸಂಧಾನಕ್ಕೆಂದು ಹೋದ ಮೂವರು ರಾಯಭಾರಿಗಳಿಂದ ಫ್ರೆಂಚ್ ಮಂತ್ರಿ ತಾಲೆರಾನನ ಮಧ್ಯಸ್ಥರು ಲಂಚವನ್ನು ಕೇಳಿದ ಸುದ್ದಿ ಬಹಿರಂಗವಾದೊಡನೆ ದೇಶದಲ್ಲೆಲ್ಲ ಯುದ್ಧದ ಕೂಗು ಎದ್ದಿತು. ಅಧಿಕಾರಾರೂಢರಾದ ಫೆಡರಲಿಸ್ಟರು ಈ ಉದ್ರೇಕದಿಂದ ಪ್ರಬಲರಾದರು. ಆಗ ಲೋಗನ್ನರು ಯಾರ ಅಪ್ಪಣೆಗೂ ಕಾಯದೆ, ಸ್ವಂತ ಖರ್ಚಿನಿಂದ, ಆ ವರ್ಷದ ಜೂನ್ ತಿಂಗಳಲ್ಲಿ ಹಡಗನ್ನೇರಿದರು. ಅವರ ಕೈಯಲ್ಲಿದ್ದುದು ಉಪಾಧ್ಯಕ್ಷರಾಗಿದ್ದ ಜೆಫರ್‌ಸನ್ನರೂ ಪೆನ್ಸಿಲ್ವೇನಿಯಾದ ಮುಖ್ಯ ನ್ಯಾಯಾಧೀಶ ಮೆಕ್‌ಕೀನರೂ ಕೊಟ್ಟ ಪರಿಚಯಪತ್ರಗಳು ಮಾತ್ರ. ಹ್ಯಾಂಬರ್ಗಿನಲ್ಲಿ ಲಾಫಯೆತ್ತರ ಸಹಾಯದಿಂದ ರಹದಾರಿಯನ್ನು ಪಡೆದು ಆಗಸ್ಟಿನಲ್ಲಿ ಪ್ಯಾರಿಸನ್ನು ಮುಟ್ಟಿದರು. ತಾಲೆರಾನನನ್ನೂ ಡೈರೆಕ್ಟರಿಯ ಮುಖ್ಯಸ್ಥ ಮೆರ್ಲಿನನನ್ನೂ ಕಂಡರು. ಫ್ರೆಂಚರು ಅಮೆರಿಕದ ಹಡಗುಗಳ ಮೇಲಣ ತಡೆಯನ್ನು ತೆಗೆದು, ಸೆರೆಯಲ್ಲಿದ್ದ ನಾವಿಕರನ್ನು ಬಿಡುಗಡೆ ಮಾಡಿದರು. ಇದೆಲ್ಲವೂ ಲೋಗನ್ನರೊಬ್ಬರಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ಯುದ್ಧವು ಫ್ರಾನ್ಸಿಗೂ ಬೇಡವಾಗಿದ್ದಿತು.

ನವೆಂಬರಿನಲ್ಲಿ ಹಿಂದಿರುಗಿದ ಲೋಗನ್ನರಿಗೆ ದೊರೆತ ಸ್ವಾಗತವು ವಿಚಿತ್ರವಾದುದು. ವಿದೇಶಾಂಗ ಕಾರ್ಯದರ್ಶಿ ಪಿಕರಿಂಗನು ತಿರಸ್ಕರಿಸಿದನು. ವಾಷಿಂಗ್ಟನ್ನರು ಶೀತಲ ಮುಖದಿಂದ ಮಾತನಾಡಿಸಿದರು. ಅಧ್ಯಕ್ಷ ಜಾನ್ ಆಡಮ್ಸರೊಬ್ಬರು ಸಮಾಧಾನದಿಂದ ಕೇಳಿದರು. ಆದರೆ ಕಾಂಗ್ರೆಸ್ಸಿನ ಫೆಡರಲಿಸ್ಟರು ಸುಮ್ಮನಿರಲಿಲ್ಲ. ಕನೆಕ್ಟಿಕಟಿನ ರೋಜರ್ ಗ್ರಿಸ್ವಾಲ್ಡನು ಮಸೂದೆಯನ್ನು ತಂದನು. ಪ್ರತಿನಿಧಿಸಭೆಯಲ್ಲಿ ಅದು 36ಕ್ಕೆ ವಿರುದ್ಧವಾಗಿ 58 ಮತಗಳಿಂದ ಗೆದ್ದು, 1799ರ ಜನವರಿ 30ರಂದು ಕಾಯಿದೆಯಾಯಿತು. ಸರಕಾರದ ಅಧಿಕಾರಪತ್ರವಿಲ್ಲದೆ, ವಿವಾದದಲ್ಲಿ ತನ್ನ ದೇಶದ ಕ್ರಮಗಳನ್ನು ವಿಫಲಗೊಳಿಸುವ ಅಥವಾ ಪರರಾಷ್ಟ್ರದ ನಡತೆಯನ್ನು ತಿದ್ದುವ ಉದ್ದೇಶದಿಂದ ಪರಸರಕಾರದೊಡನೆ ವ್ಯವಹರಿಸಿದವನಿಗೆ 5,000 ಡಾಲರಿನವರೆಗೆ ದಂಡ, ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ!

ಮುಂದಿನದು ಇನ್ನೂ ಸ್ವಾರಸ್ಯಕರ. ಕಾಯಿದೆಗೆ ರುಜು ಹಾಕಿದ ಆಡಮ್ಸರೇ ಮುಂದಿನ ತಿಂಗಳು ಫ್ರಾನ್ಸಿಗೆ ಹೊಸ ರಾಯಭಾರಿಯನ್ನು ಸೂಚಿಸಿದರು. ಅವರ ಮನಸ್ಸನ್ನು ತಿರುಗಿಸಿದ ಹಲವು ಸಮಾಚಾರಗಳಲ್ಲಿ ಲೋಗನ್ನರದೂ ಒಂದು. 1800ರಲ್ಲಿ ಒಪ್ಪಂದವಾಯಿತು. ಯಾರನ್ನು ನಿಂದಿಸಲು ಕಾಯಿದೆ ಹುಟ್ಟಿತೋ ಆ ಲೋಗನ್ನರು 1801ರಿಂದ 1807ರವರೆಗೆ ಸೆನೆಟಿನಲ್ಲಿಯೇ ಕುಳಿತರು. 1810ರಲ್ಲಿ ಮತ್ತೊಮ್ಮೆ ಸ್ವಂತ ಹೊಣೆಯಿಂದಲೇ ಶಾಂತಿಗಾಗಿ ಇಂಗ್ಲೆಂಡಿಗೆ ಹೋದರು. ಕಾಯಿದೆಯು ಅವರನ್ನು ಮುಟ್ಟಲಿಲ್ಲ. ಅವರ ಪ್ರಯತ್ನವೂ ಫಲಿಸಲಿಲ್ಲ. 1812ರಲ್ಲಿ ಯುದ್ಧವೇ ಆಯಿತು. 1821ರ ಏಪ್ರಿಲಿನಲ್ಲಿ ಸ್ಟೆಂಟನ್ನಿನಲ್ಲಿಯೇ ನಿಧನ ಹೊಂದಿದರು. ಪತ್ನಿ ಡೆಬೊರಾ ಬರೆದಿಟ್ಟ ಅವರ ಚರಿತ್ರೆಯು 1899ರಲ್ಲಿ ಪ್ರಕಟವಾಯಿತು.

ಕಾಯಿದೆಯ ಚರಿತ್ರೆಯಾದರೋ ಅಲ್ಪ. 1803ರಲ್ಲಿ ಕೆಂಟಕಿಯ ಒಬ್ಬ ರೈತನ ಮೇಲೆ ಪತ್ರಿಕೆಯಲ್ಲಿ ಬರೆದ ಲೇಖನಕ್ಕಾಗಿ, 1852ರಲ್ಲಿ ಮೆಕ್ಸಿಕೋದ ವ್ಯವಹಾರದಲ್ಲಿ ಮತ್ತೊಬ್ಬನ ಮೇಲೆ ಆರೋಪ ಹೊರಿಸಲಾಯಿತು. ಇಬ್ಬರಿಗೂ ಶಿಕ್ಷೆಯಾಗಲಿಲ್ಲ, ಬೇರಾರಿಗೂ ಆಗಿಲ್ಲ. 1975ರಲ್ಲಿ ಇಬ್ಬರು ಸೆನೆಟರರು ಕ್ಯೂಬಾಕ್ಕೆ ಹೋಗಿ ಬಂದಾಗ, ಶಾಸನಕಾರ್ಯಕ್ಕಾಗಿ ಪರದೇಶದ ಅಧಿಕಾರಿಗಳೊಡನೆ ಮಾತನಾಡುವುದನ್ನು ಈ ಕಾಯಿದೆ ತಡೆಯುವಂತಿಲ್ಲವೆಂದು ವಿದೇಶಾಂಗ ಇಲಾಖೆಯೇ ಅಭಿಪ್ರಾಯಪಟ್ಟಿತು. 2015ರ ಪತ್ರಕ್ಕಾಗಿ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ.

ಹಾಗಾದರೆ ನಿರ್ಣಯವೇನು? ಮನೆಯೊಂದು ಮೂರು ಬಾಗಿಲಾದರೆ ಪರರು ತಮಗೆ ಅನುಕೂಲವಾದ ಬಾಗಿಲನ್ನು ತಟ್ಟುವರು. ಆದುದರಿಂದ ರಾಷ್ಟ್ರದ ಪರವಾಗಿ ಮಾತು ಕೊಡುವ ಬಾಯಿ ಒಂದೇ ಇರತಕ್ಕದ್ದು. ಆದರೆ ಮಾತು ಕೊಡುವುದು ಬೇರೆ, ಮಾತನಾಡುವುದು ಬೇರೆ. ಒಪ್ಪಂದಕ್ಕೆ ಸೆನೆಟಿನಲ್ಲಿ ಮೂರರಲ್ಲಿ ಎರಡು ಪಾಲು ಸಮ್ಮತಿ ಬೇಕೆಂದು ಅಮೆರಿಕದ ಸಂವಿಧಾನವೇ ವಿಧಿಸಿದೆ. ಅಂತಹ ಸದಸ್ಯನು ಪರದೇಶದ ಸ್ಥಿತಿಯನ್ನು ಕಣ್ಣಾರೆ ಕಂಡು ಬಂದರೆ ದೋಷವೇನು? ಸರಕಾರದ ಮಾತಿಗೆ ಬೆಲೆಯಿಲ್ಲವೆಂದು ಪರರಿಗೆ ಸಾರುವುದು ಅನುಚಿತ. ಅದಕ್ಕೆ ತಕ್ಕ ಶಿಕ್ಷೆಯನ್ನು ಮತದಾರರು ವಿಧಿಸಲಿ. ಲೋಗನ್ನರು ಅಧಿಕಾರವಿಲ್ಲದೆ ಹೋದುದು ಮೇಲ್ಪಂಕ್ತಿಯಲ್ಲ. ಆದರೆ ಪಕ್ಷದ್ವೇಷದ ಭರದಲ್ಲಿ ಒಬ್ಬನ ಮೇಲಣ ಸಿಟ್ಟನ್ನು ಎಲ್ಲರ ಮೇಲಣ ಕಾಯಿದೆಯನ್ನಾಗಿ ಮಾಡುವುದು ಅದಕ್ಕಿಂತ ದೊಡ್ಡ ತಪ್ಪೆಂದು ನಮ್ಮ ಅಭಿಪ್ರಾಯ.